ಎಡಗಡೆಯೋ ಬಲಗಡೆಯೋ

"ಯಾವ ಕಡೆ ಹರ್ನಿಯಾ?" ಗುಬ್ಬಿ ಮಾವ ಕೇಳಿದರು.

"ಎಡ" ಅಂದೆ ನಾನು.

"ಬಲ" ಅಂದರು ನಮ್ಮತ್ತೆ.

ಎರಡೂ ಒಂದೇ ಸಲ ಬಂತು. ಸ್ಕೂಲಿನಲ್ಲಿ ಮಕ್ಕಳು ಪ್ರಾರ್ಥನೆ ಹೇಳಿದ ಹಾಗೆ, ಒಟ್ಟಿಗೆ.

ಇದು ನಡೆದದ್ದು ಭಾನುವಾರ. ಇವತ್ತು ಗುರುವಾರ. ನಾಲ್ಕು ದಿನದಿಂದ ಅದೇ ತಲೆಯಲ್ಲಿ ಓಡುತ್ತಿದೆ. ನೆನಪಾದರೆ ನಗು ಬರುತ್ತದೆ. ನಗು ಬಂದರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ತಕ್ಷಣ ದಿಂಬು ತಗೊಂಡು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಕೆಮ್ಮಿದರೂ ಅದೇ, ಸೀನಿದರೂ ಅದೇ. ಮನೆಯಲ್ಲಿ ಒಗ್ಗರಣೆ ಹಾಕುವ ಮೊದಲು ನನ್ನ ರೂಮಿನ ಬಾಗಿಲು ಮುಚ್ಚುತ್ತಾರೆ, ಅಷ್ಟರಮಟ್ಟಿಗೆ ಹೆದರಿದ್ದೇನೆ.

ನನಗೆ ಹರ್ನಿಯಾ ಇಲ್ಲ. ಎರಡು ಹೆರಿಗೆ ಆದಮೇಲೆ ಹೊಟ್ಟೆಯ ಮಧ್ಯದ ಸ್ನಾಯು ಎಡಕ್ಕೂ ಬಲಕ್ಕೂ ಸರಿದು ನಾಲ್ಕು ಬೆರಳು ಜಾಗ ಬಿಟ್ಟಿತ್ತು. ಅದನ್ನು ಸೇರಿಸಿ ಹೊಲಿದು, ಜೋತುಬಿದ್ದ ಚರ್ಮ ತೆಗೆದು, ಅದೇ ಅನಸ್ತೇಷಿಯಾದಲ್ಲಿ ಎದೆಯನ್ನೂ ಎತ್ತಿ ಸರಿ ಮಾಡಿದ್ದಾರೆ. ಇದಕ್ಕೆ 'ಮಮ್ಮಿ ಮೇಕೋವರ್' ಅಂತ ಹೆಸರು. ಕೇಳಿದರೆ ಬ್ಯೂಟಿ ಪಾರ್ಲರ್‌ನಲ್ಲಿ ಅರ್ಧ ಗಂಟೆ ಕೂತು ಬರುವ ಕೆಲಸ ಅನ್ನಿಸುತ್ತದೆ, ಅಲ್ವಾ? ಬೆಂಗಳೂರಿನ ಆಸ್ಪತ್ರೆಯಲ್ಲಿ ಐದು ಗಂಟೆ ಹಿಡಿಯಿತು. ಆ ಹೆಸರನ್ನು ನಮ್ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 'ಮೇಲಿನದು', 'ಕೆಳಗಿನದು' ಅಷ್ಟೇ. "ಮೇಲಿನದು ಹೇಗಿದೆ? ಕೆಳಗಿನದು ಒಣಗ್ತಾ ಇದೆಯಾ?" ಬಾಡಿಗೆಗೆ ಕೊಟ್ಟ ಮನೆಗಳ ಬಗ್ಗೆ ವಿಚಾರಿಸಿದ ಹಾಗೆ.

ಹರ್ನಿಯಾ ಅನ್ನೋದು ಅತ್ತೆಯ ಐಡಿಯಾ. "ಜನ ಕೇಳ್ತಾರೆ ಕಣಮ್ಮ. ಹರ್ನಿಯಾ ಅಂದ್ಬಿಡೋಣ. ಅದಕ್ಕೂ ಹೊಟ್ಟೆ ತಾನೆ ಕುಯ್ಯೋದು" ಅಂದರು. ಅತ್ತೆ ಕೆಟ್ಟವರಲ್ಲ. ಆಪರೇಷನ್ ಬೇಡ ಅಂತ ಒಂದು ಮಾತೂ ಹೇಳಲಿಲ್ಲ. ಆದರೆ ಜನ ಏನಂತಾರೆ ಅನ್ನೋದು ಅವರಿಗೆ ಬಿ.ಪಿ. ಇದ್ದ ಹಾಗೆ, ದಿನಾ ಒಂದು ಮಾತ್ರೆ ಬೇಕು. ನಾನೂ ಒಪ್ಪಿಕೊಂಡೆ. ಎಡವಿದ್ದು ಅಲ್ಲೇ. ಸುಳ್ಳು ಹೇಳೋಕೆ ಕಾಯಿಲೆಯ ಹೆಸರು ಹುಡುಕಿಕೊಂಡೆವು, ಆ ಕಾಯಿಲೆ ವಾಸಿಯಾಗೋಕೆ ಎಷ್ಟು ದಿನ ಬೇಕು ಅಂತ ನೋಡಲಿಲ್ಲ.

ಗುಬ್ಬಿ ಮಾವ ಅಂದರೆ ಅತ್ತೆಯ ಅಣ್ಣ. ಗುಬ್ಬಿ ಹತ್ತಿರ ತೋಟ. ಒಂದು ಗೊನೆ ಎಳನೀರು ಹೊತ್ತುಕೊಂಡು, ಹೆಂಡತಿಯನ್ನು ಕರೆದುಕೊಂಡು, ಫೋನೂ ಮಾಡದೆ ಬಂದರು. ಅವರಿಗೆ ನಿಜವಾಗಿಯೂ ಹರ್ನಿಯಾ ಆಗಿತ್ತು. ಅದು ನಮಗೆ ಮರೆತೇ ಹೋಗಿತ್ತು!

"ನಂಗೆ ಮೂರೇ ತೂತು. ಒಳಗೆ ಜಾಲರಿ ಹಾಕಿದ್ರು. ಮೂರನೇ ದಿನ ಬೋರ್‌ವೆಲ್ ಹತ್ರ ನಡ್ಕೊಂಡು ಹೋಗಿ ಮೋಟ್ರು ಆನ್ ಮಾಡಿದೆ" ಅಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಬಾತ್‌ರೂಮಿಂದ ಬರುತ್ತಿದ್ದೆ, ಪಾವಗಡದ ಕಡೆ ಕಡಲೆಕಾಯಿ ಗಿಡ ಕೀಳೋ ಹೆಂಗಸಿನ ಹಾಗೆ ಬಗ್ಗಿಕೊಂಡು. "ಇದೇನಮ್ಮ ಇದು, ಹನ್ನೆರಡು ದಿನ ಆದ್ರೂ ಹಿಂಗೆ? ಯಾವ ಕಡೆ ಹರ್ನಿಯಾ?"

ಎಡ. ಬಲ.

ನಾನು ಎಡ ಅಂದಿದ್ದಕ್ಕೆ ಕಾರಣ ಇದೆ. ಎಡಗಡೆಯ ಡ್ರೈನ್, ಅಂದರೆ ಗಾಯದೊಳಗೆ ಸೇರುವ ನೀರನ್ನು ಹೊರತೆಗೆಯುವ ಕೊಳವೆ, ಇನ್ನೂ ಇತ್ತು. ನೈಟಿ ಒಳಗೆ ಪಿನ್ ಹಾಕಿ ಸಿಗಿಸಿಕೊಂಡಿದ್ದೆ. ಕೊಳವೆ ಆ ಕಡೆ ಜಗ್ಗುತ್ತಿತ್ತು, ಬಾಯಿಗೆ ಅದೇ ಬಂತು. ಅತ್ತೆ ಬಲ ಅಂದಿದ್ದು ಯಾಕೆ ಅಂತ ರಾತ್ರಿ ಕೇಳಿದೆ. "ನಿಮ್ಮ ಮಾವಂಗೆ ಬಲಗಡೆ ಆಗಿತ್ತಲ್ಲ, ಅದೇ ಬಂದ್ಬಿಡ್ತು" ಅಂದರು. ನನ್ನ ಮಾವ, ಅಂದರೆ ಅತ್ತೆಯ ಗಂಡ, ತೀರಿಕೊಂಡು ಏಳು ವರ್ಷ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನೆಟ್ಟಗೆ ನಿಲ್ಲೋಕೆ ಆಗದ್ದು ನನ್ನ ನಾಟಕ ಅಲ್ಲ. ಸೊಂಟದ ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗೆ ಕುಯ್ದು, ಮೇಲಿನ ಚರ್ಮವನ್ನು ಕೆಳಗೆಳೆದು ಹೊಲಿದಿರುತ್ತಾರೆ. ನೆಟ್ಟಗಾದರೆ ಹೊಲಿಗೆಗೆ ಎಳೆತ. ಹತ್ತು ಹದಿನೈದು ದಿನ ಬಗ್ಗಿಯೇ ನಡೆಯಬೇಕು. ಮಲಗುವಾಗಲೂ ಬೆನ್ನಿಗೆ ಮೂರು ದಿಂಬು, ಮಂಡಿ ಕೆಳಗೆ ಎರಡು. ಹಾಗಂತ ಬಿದ್ದುಕೊಂಡೇ ಇರೋ ಹಾಗಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಮಾರನೇ ದಿನವೇ ಎಬ್ಬಿಸಿ ನಡೆಸಿದರು.

ಎರಡೂ ಒಟ್ಟಿಗೆ ಮಾಡಿಸಿದರೆ ಒಂದೇ ರಜೆಯಲ್ಲಿ ಮುಗಿಯುತ್ತೆ ಅಂತ ನನ್ನ ಲೆಕ್ಕ. ಲೆಕ್ಕ ಸರಿಯೇ. ಆದರೆ ಒಂದನ್ನು ಸುಧಾರಿಸೋಕೆ ಇನ್ನೊಂದರ ಸಹಾಯ ಬೇಕು ಅಂತ ಮೊದಲೇ ಹೊಳೆಯಲಿಲ್ಲ. ಹೊಟ್ಟೆ ಮಾತ್ರ ಆಗಿದ್ದರೆ ಕೈ ಊರಿ ಏಳಬಹುದಿತ್ತು. ಎದೆ ಮಾತ್ರ ಆಗಿದ್ದರೆ ಹೊಟ್ಟೆಯ ಬಲದಲ್ಲಿ ಏಳಬಹುದಿತ್ತು. ಈಗ ಕೈ ಊರುವ ಹಾಗಿಲ್ಲ, ಹೊಟ್ಟೆ ಬಿಗಿಯುವ ಹಾಗಿಲ್ಲ. ಮಗುಚಿಬಿದ್ದ ಜಿರಳೆ ನೋಡಿದ್ದೀರಲ್ಲ, ಹಾಗೆ. ಗಂಡ ಬೆನ್ನ ಹಿಂದೆ ಕೈ ಹಾಕಿ ಎತ್ತುತ್ತಾರೆ. ಕೈ ಭುಜದಿಂದ ಮೇಲೆ ಹೋಗಬಾರದು, ಹಾಗಾಗಿ ತಲೆ ಬಾಚೋಕೂ ಆಗಲ್ಲ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಸಲ ಅತ್ತೆ ನನಗೆ ಜಡೆ ಹಾಕುತ್ತಿದ್ದಾರೆ. ತುಂಬಾ ಬಿಗಿ ಹಾಕ್ತಾರೆ, ಹೇಳೋಕಾಗಲ್ಲ.

ಎಲ್ಲರೂ ಕೇಳೋದು ಒಂದೇ, ಎಷ್ಟು ದಿನಕ್ಕೆ ಸರಿಹೋಗುತ್ತೆ? ನಾನೂ ಡಾಕ್ಟರಮ್ಮನಿಗೆ ಇದನ್ನೇ ಕೇಳಿದ್ದೆ. ಅವರು ತಿರುಗಿಸಿ ಕೇಳಿದರು, "ಯಾವುದಕ್ಕೆ?" ಕೂತು ಮಾಡುವ ಕೆಲಸಕ್ಕಾದರೆ ಮೂರು ನಾಲ್ಕು ವಾರ. ಭಾರ ಎತ್ತೋಕೆ, ಓಡೋಕೆ ಆರು ವಾರ ಆದಮೇಲೆ, ಅದೂ ಅವರು ನೋಡಿ ಹೂಂ ಅಂದರೆ. ಹೊಟ್ಟೆಗೆ ಕಟ್ಟುವ ಬೆಲ್ಟ್ ಕೂಡ ಹೆಚ್ಚುಕಮ್ಮಿ ಅಷ್ಟೇ ದಿನ, ಸ್ನಾನ ಬಿಟ್ಟು ಹಗಲು ರಾತ್ರಿ. ಊತ ಪೂರ್ತಿ ಇಳಿಯೋಕೆ ತಿಂಗಳುಗಟ್ಟಲೆ. ಗಾಯದ ಗೆರೆ ಮಾಸೋಕೆ ಒಂದು ವರ್ಷವೇ ಬೇಕಾಗಬಹುದು. ಐದು ವರ್ಷದ ಮಗ 17 ಕೆ.ಜಿ. ಇದ್ದಾನೆ. ನನಗೆ ಎತ್ತಲು ಪರ್ಮಿಷನ್ ಇರೋದು ನಾಲ್ಕೈದು ಕೆ.ಜಿ. ಅವನಿಗೆ ಲೆಕ್ಕ ಹೇಳಿಕೊಟ್ಟೆ. "ಹಾಗಾದ್ರೆ ನನ್ನ ಒಂದು ಕಾಲು ಎತ್ಕೋ" ಅಂದ.

ನಮ್ಮಮ್ಮನದು ಮಾತ್ರ ಬೇರೆ ವಾದ. ಇವನು ಹುಟ್ಟಿದ್ದು 2020ರಲ್ಲಿ, ಲಾಕ್‌ಡೌನ್ ಮುಗಿಯುತ್ತಿದ್ದ ಹೊತ್ತಿಗೆ. ಅಮ್ಮ ಮಧುಗಿರಿಯಿಂದ ಬರಲಾಗಲಿಲ್ಲ, ಬಾಣಂತನ ಸರಿಯಾಗಿ ಆಗಲಿಲ್ಲ. "ಹಳೇ ಸೀರೆ ತಗೊಂಡು ನಾನು ಹೊಟ್ಟೆ ಕಟ್ಟಿದ್ದಿದ್ರೆ ಈ ಖರ್ಚೇ ಇರ್ತಿರ್ಲಿಲ್ಲ" ಅಂತ ಫೋನಿನಲ್ಲಿ ಇವತ್ತಿಗೂ ಹೇಳ್ತಾಳೆ. ಮೊದಲನೆಯವಳು ಹುಟ್ಟಿದಾಗ ಕಟ್ಟಿದ್ದಳಲ್ಲ, ಆಗಲೂ ಎರಡು ಬೆರಳು ಜಾಗ ಇತ್ತು. ಕಟ್ಟಿದರೆ ಬೆನ್ನಿಗೆ ಆಧಾರ, ಹಿತ. ಸರಿದ ಸ್ನಾಯು ಅದರಿಂದ ಕೂಡಿಕೊಳ್ಳುತ್ತೆ ಅಂತ ಹೇಳೋಕಾಗಲ್ಲ. ನಾನೂ ಸುಮ್ನೆ ಕೂತಿರಲಿಲ್ಲ. ಫಿಸಿಯೋಥೆರಪಿ ಹೇಳಿದ ವ್ಯಾಯಾಮ ತಿಂಗಳುಗಟ್ಟಲೆ ಮಾಡಿದೆ. ನಮ್ಮ ತುಮಕೂರಿನ ಅಮಾನಿಕೆರೆ ಸುತ್ತ ನಡೆದೆ. ಐದು ಬೆರಳು ಇದ್ದದ್ದು ನಾಲ್ಕಾಯಿತು, ಅಲ್ಲಿಗೇ ನಿಂತಿತು. ಆಮೇಲೇ ಆಪರೇಷನ್ ಖರ್ಚಿಗೆ ಅಂತ ಚೀಟಿ ಎತ್ತಿದ್ದು.

ಅಮ್ಮನ ಮಾತಿನಲ್ಲಿ ಚುಚ್ಚುವುದು ಸೀರೆಯಲ್ಲ, ಖರ್ಚು. ಹೆರಿಗೆಯ ನೋವಿಗೆ ಮೂರು ತಿಂಗಳು ಮೆಣಸಿನ ಸಾರು, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ, ಸೇವೆ. ಆ ಹೆರಿಗೆ ಬಿಟ್ಟುಹೋದದ್ದನ್ನು ಸರಿಮಾಡಿಸಿಕೊಂಡರೆ ಅದು ಶೋಕಿ. ನನ್ನ ಮೈದುನ ಹೋದ ವರ್ಷ ಕ್ರಿಕೆಟ್ ಆಡಿ ಮಂಡಿಯ ಲಿಗಮೆಂಟ್ ಹರಿದುಕೊಂಡ. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕುಂಟಿದ. ನಲವತ್ತರ ಹತ್ತಿರ ಬಂದು ಕ್ರಿಕೆಟ್ ಯಾಕೆ ಆಡಿದೆ ಅಂತ ಒಬ್ಬರೂ ಕೇಳಲಿಲ್ಲ. ಹಾರ್ಲಿಕ್ಸ್ ತಂದುಕೊಟ್ಟರು. ಅವನಿಗೆ ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ. ಇದನ್ನೆಲ್ಲ ಗಂಡನ ಹತ್ತಿರ ಹೇಳಿದೆ. "ನೀನೂ ಕ್ರಿಕೆಟ್ ಆಡ್ದೆ ಅಂತ ಹೇಳ್ಬಿಡೋಣ್ವಾ?" ಅಂದರು. ಮತ್ತೆ ದಿಂಬು.

ಭಾನುವಾರಕ್ಕೇ ಬರ್ತೀನಿ. ಎಡ ಬಲದ ನಂತರ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. "ಇನ್ಶೂರೆನ್ಸ್ ಆಯ್ತಾ?" ಅಂತ ಗುಬ್ಬಿ ಮಾವ ಕೇಳಿದರು. ಚೆಂದಕ್ಕೆ ಅಂತ ಮಾಡಿಸಿದ ಆಪರೇಷನ್‌ಗೆ ಇನ್ಶೂರೆನ್ಸ್ ಕೊಡಲ್ಲ, ಹರ್ನಿಯಾ ಆಗಿದ್ದರೆ ಕೊಡುತ್ತಿದ್ದರು. ಗಂಡ ಏನೋ ಗೊಣಗಿದರು. ಮಾವ ನೀರು ಕುಡಿಯೋಕೆ ಅಡುಗೆಮನೆಗೆ ಹೋದರು. ಅಲ್ಲಿ ಫ್ರಿಡ್ಜ್ ಪಕ್ಕ ಕ್ಯಾಲೆಂಡರ್ ಇದೆ.

ನಮ್ಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ. ಈ ತಿಂಗಳು ಅದರ ಜೊತೆಗೆ ನನ್ನ ಲೆಕ್ಕವೂ ಇದೆ. ಡ್ರೈನ್ ಕೊಳವೆಯ ತುದಿಗೆ ದಾಳಿಂಬೆ ಗಾತ್ರದ ಮೆತ್ತನೆಯ ಪ್ಲಾಸ್ಟಿಕ್ ಬುರುಡೆ. ಅದರಲ್ಲಿ ತೆಳು ಕೆಂಪು ನೀರು ತುಂಬುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಅಳತೆ ಕಪ್ಪಿಗೆ ಸುರಿದು, ಬುರುಡೆಯನ್ನು ಅಮುಕಿ ಗಾಳಿ ತೆಗೆದು ಮತ್ತೆ ಮುಚ್ಚಳ ಹಾಕಬೇಕು. ದಿನಕ್ಕೆ 30 ಎಂ.ಎಲ್.ಗಿಂತ ಕಮ್ಮಿ ಬಂದರೆ ತೆಗೆಯುತ್ತೇವೆ ಅಂದಿದ್ದರು. ನನ್ನ ಗಂಡ ಶ್ರದ್ಧೆಯಿಂದ ಬರೆದಿದ್ದರು. 'ಹಾಲು 1½. ಎಡ 60, ಬಲ 45.' ಕೆಳಗೆ ಮಾರನೇ ದಿನ, 'ಹಾಲು 1. ಎಡ 55, ಬಲ 35.'

ಮಾವ ಲೋಟ ಹಿಡಿದುಕೊಂಡು ವಾಪಸ್ ಬಂದರು. ಮುಖದಲ್ಲಿ ಪೂರ್ತಿ ಕರುಣೆ.

"ಎರಡೂ ಕಡೆನಾ? ಅದನ್ನ ಮೊದಲೇ ಹೇಳೋದಲ್ವೇನಮ್ಮ! ನನ್ನದು ಒಂದೇ ಕಡೆ, ಅದಕ್ಕೇ ಬೇಗ ಎದ್ದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಎಲ್ಲಿಗೆ ಹೋಗಲಿ? ಹಲ್ಲು ಕಚ್ಚಿಕೊಂಡು ದಿಂಬು ತಬ್ಬಿಕೊಂಡೆ. ಮಾವ ಅದನ್ನು ನೋವು ಅಂದುಕೊಂಡು ಇನ್ನೂ ಮರುಗಿದರು. ಸುಳ್ಳು ಹೇಳಿದ್ದಕ್ಕೆ ಆ ಕ್ಷಣ ನಿಜಕ್ಕೂ ಬೇಜಾರಾಯಿತು. ಒಳ್ಳೆ ಮನುಷ್ಯ. ಜಾಸ್ತಿ ಮಾತಾಡ್ತಾರೆ, ಅಷ್ಟೇ.

ಹೊರಡುವಾಗ ಮಾವ ಕೆಳಗೆ ಹೋಗಿ ಸ್ಕೂಟರ್ ತಿರುಗಿಸುತ್ತಿದ್ದರು. ಅಷ್ಟು ಹೊತ್ತು ಒಂದು ಮಾತೂ ಆಡದೆ ಕೂತಿದ್ದ ಗುಬ್ಬಿ ಅತ್ತೆ ನನ್ನ ಹತ್ತಿರ ಬಂದರು. ಅರವತ್ತು ದಾಟಿದೆ ಅವರಿಗೆ. ನಾಲ್ಕು ಮಕ್ಕಳು. ನನ್ನ ಜಡೆಯನ್ನು ಮುಂದಕ್ಕೆ ತಂದು ಹಾಕಿ, ಮೆಲ್ಲಗೆ ಕೇಳಿದರು:

"ಹರ್ನಿಯಾಗೆ ಯಾರಾದ್ರೂ ತಲೆ ಬಾಚ್ಕೊಡ್ತಾರೇನೇ?"

ನಾನು ಸುಮ್ಮನಿದ್ದೆ.

"ಮೇಲೂ ಮಾಡಿಸ್ಕೊಂಡ್ಯಾ?"

ತಲೆ ಆಡಿಸಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ, ಹೊಟ್ಟೆ ಮೇಲೆ ಇಳಿಬಿಟ್ಟು, ಸರಿಮಾಡಿಕೊಂಡರು. "ನಮ್ಗೆಲ್ಲ ಇದಿತ್ತಲ್ಲ" ಅಂದರು. ಕೆಳಗಿನಿಂದ ಹಾರ್ನ್ ಕೇಳಿಸಿತು. ಹೋದರು.

ಮಂಗಳವಾರ ಬೆಂಗಳೂರಿಗೆ ಹೋಗಿ ಎಡಗಡೆಯ ಡ್ರೈನೂ ತೆಗೆಸಿಕೊಂಡು ಬಂದೆವು. ಹೈವೇಯಲ್ಲಿ 70 ಕಿ.ಮೀ. ಏನೂ ಆಗಲಿಲ್ಲ, ಸೀಟ್‌ಬೆಲ್ಟಿಗೂ ಹೊಟ್ಟೆಗೂ ನಡುವೆ ದಿಂಬು ಇಟ್ಟುಕೊಂಡಿದ್ದೆ. ಕ್ಯಾತ್ಸಂದ್ರ ದಾಟಿ ಊರೊಳಗೆ ಬಂದಮೇಲೆ ಹಂಪ್‌ಗಳು ಜೀವ ತೆಗೆದವು. ನಮ್ಮ ಬೀದಿಯಲ್ಲಿ ಮೂರು ಹಂಪ್, ಒಂದಕ್ಕೂ ಬಣ್ಣ ಬಳಿದಿಲ್ಲ.

ನಿನ್ನೆ ಸಂಜೆ ಗುಬ್ಬಿ ಅತ್ತೆ ಫೋನ್ ಮಾಡಿದ್ದರು. "ನೆಟ್ಟಗೆ ನಿಂತ್ಯಾ?" ಅಂದರು. ಮುಕ್ಕಾಲು ಭಾಗ ಅಂದೆ. ಆಮೇಲೆ ದನಿ ತಗ್ಗಿಸಿ, "ಅರವತ್ತೆರಡಕ್ಕೂ ಮಾಡ್ತಾರಾ?" ಅಂದರು. ಬಿ.ಪಿ., ಶುಗರ್, ಹಾರ್ಟು ಎಲ್ಲ ನೋಡಿ ಹೇಳ್ತಾರೆ, ವಯಸ್ಸು ಒಂದನ್ನೇ ನೋಡಲ್ಲ ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ಅವರ ದನಿ ಇದ್ದಕ್ಕಿದ್ದ ಹಾಗೆ ಜೋರಾಯಿತು. ಮಾವ ಬಂದಿರಬೇಕು.

"ಹೂಂ ಕಣಮ್ಮ, ಭಾರ ಎತ್ಬೇಡ. ನಿಮ್ಮ ಮಾವ ಊರಲ್ಲೆಲ್ಲ ಹೇಳ್ಕೊಂಡು ಬಂದಿದಾರೆ, ಪಾಪ ಎರಡೂ ಕಡೆ ಹರ್ನಿಯಾ ಅಂತ. ನಿನ್ನ ಹೆಸರಲ್ಲಿ ಶನಿವಾರ ದೇವಸ್ಥಾನದಲ್ಲಿ ಅರ್ಚನೆ ಬೇರೆ ಇಟ್ಕೊಂಡಿದಾರೆ. ಯಾವ ಕಡೆ ಜಾಸ್ತಿ ನೋವು ಅಂತ ಕೇಳ್ತಿದಾರೆ ನೋಡು, ಎಡನೋ ಬಲನೋ?"

ಫೋನನ್ನು ಹಾಸಿಗೆ ಮೇಲೆ ಬಿಸಾಕಿ, "ದಿಂಬು, ದಿಂಬು" ಅಂತ ಕೂಗಿಕೊಂಡೆ.