ಬಿಟ್ಟುಹೋದ ಪಶ್ಚಿಮಿ ಸ್ಟಾರ್: ನನ್ನ ಸೇವಾ ದಾಖಲೆಯ ತಿದ್ದುಪಡಿ ಎಲ್ಲಿಯವರೆಗೆ ಬಂತು

ಫೆಬ್ರವರಿ

ನಾನು 1968ರಲ್ಲಿ ಸೇನೆಗೆ ಸೇರಿ, 15 ವರ್ಷ ವಾಹನ ಚಾಲಕನಾಗಿದ್ದು, 1983ರಲ್ಲಿ ನಾಯಕ್ ಹುದ್ದೆಯಲ್ಲಿ ನಿವೃತ್ತನಾಗಿ, ಅರಕಲಗೂಡಿನ ಕಡೆಯ ನಮ್ಮ ಹಳ್ಳಿಗೆ ಮರಳಿದವನು. ನನ್ನ ಡಿಸ್ಚಾರ್ಜ್ ಬುಕ್ಕಿನ (ಬಿಡುಗಡೆಯಾದಾಗ ಸೇನೆ ಕೊಡುವ ಸೇವಾ ಪುಸ್ತಕದ) ಪದಕಗಳ ಪುಟದಲ್ಲಿ ನಾಲ್ಕು ಹೆಸರುಗಳಿವೆ: ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಪದಕ ಮತ್ತು ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕ. ಐದನೆಯದಾಗಿ ಇರಬೇಕಾಗಿದ್ದದ್ದು ಪಶ್ಚಿಮಿ ಸ್ಟಾರ್. ಅದು 1971ರ ಯುದ್ಧದಲ್ಲಿ ಪಶ್ಚಿಮ ರಣರಂಗದಲ್ಲಿದ್ದವರಿಗೆ ಕೊಟ್ಟ ಪದಕ. ಅದು ಪುಸ್ತಕದಲ್ಲೂ ಇಲ್ಲ, ನನ್ನ ಕೈಗೂ ಎಂದೂ ಬಂದಿಲ್ಲ.

ಇಷ್ಟು ವರ್ಷ ಏಕೆ ಸುಮ್ಮನಿದ್ದೆ ಎಂದು ಮಕ್ಕಳು ಕೇಳಿದರು. ಬಿಡುಗಡೆಯ ದಿನ ಸಾಲಿನಲ್ಲಿ ನಿಂತು, ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿ, ಪುಸ್ತಕವನ್ನು ಟ್ರಂಕಿಗೆ ಹಾಕಿಕೊಂಡು ರೈಲು ಹತ್ತಿದೆ. ಆಮೇಲೆ ಅದನ್ನು ತೆರೆದದ್ದೆಲ್ಲ ಪಿಂಚಣಿಯ ಪುಟಕ್ಕಾಗಿ. ಈ ವರ್ಷ ಜನವರಿ 14ರ ಮಾಜಿ ಸೈನಿಕರ ದಿನದಂದು ಹಾಸನದಲ್ಲಿ ಪದಕಗಳನ್ನು ಧರಿಸಿ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹಿರಿಯ ಸುಬೇದಾರರೊಬ್ಬರು ನನ್ನ ಎದೆಯ ಸಾಲನ್ನು ನೋಡಿ, "ಯುದ್ಧದ ಹೊತ್ತಿಗೆ ಎಲ್ಲಿದ್ದಿರಿ?" ಎಂದು ಕೇಳಿದರು. ಪಶ್ಚಿಮ ಗಡಿಯಾಚೆಯ ಶಕರಗಢದಲ್ಲಿ ಎಂದೆ. "ಹಾಗಾದರೆ ಸ್ಟಾರ್ ಎಲ್ಲಿ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಗ್ರಾಮ್ ಮೆಡಲ್ ಮತ್ತು ಸ್ಟಾರ್ ನಡುವಿನ ವ್ಯತ್ಯಾಸ ತಿಳಿಯದವರಿಗೆ ನನ್ನ ಚಡಪಡಿಕೆ ಅರ್ಥವಾಗಲಾರದು. ಸಂಗ್ರಾಮ್ ಮೆಡಲ್ ಆ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದ ದೊಡ್ಡ ಸಂಖ್ಯೆಯ ಜನರಿಗೆ ಸಂದದ್ದು. ಹಿಂದಿನ ನೆಲೆಗಳಲ್ಲಿದ್ದವರಿಗೂ ಸಿಕ್ಕಿದೆ, ಅದು ನ್ಯಾಯವೇ. ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ ಮಾತ್ರ ಆಯಾ ರಣರಂಗದಲ್ಲಿದ್ದವರಿಗೆ ಮೀಸಲು. ಸಂಗ್ರಾಮ್ ಮೆಡಲ್ ಇದ್ದು ಸ್ಟಾರ್ ಇಲ್ಲವೆಂದರೆ, ದಾಖಲೆಯ ಪ್ರಕಾರ ನಾನು ಯುದ್ಧದ ಕಾಲದಲ್ಲಿದ್ದೆ, ಯುದ್ಧದ ಜಾಗದಲ್ಲಿರಲಿಲ್ಲ ಎಂದಾಗುತ್ತದೆ. ಈ ಪದಕಕ್ಕೆ ಭತ್ಯೆಯಿಲ್ಲ, ಇದರಿಂದ ಪಿಂಚಣಿಗೆ ಒಂದು ರೂಪಾಯಿಯೂ ಕೂಡುವುದಿಲ್ಲ. ನನಗೆ ಬೇಕಾಗಿರುವುದು ಆ ಸಾಲು ಸರಿಯಾಗುವುದು.

ಮಾರ್ಚ್

ಮೊದಲು ತಪ್ಪು ಎಲ್ಲಿ ಹುಟ್ಟಿತೆಂದು ಯೋಚಿಸಿದೆ, ಏಕೆಂದರೆ ಅದು ತಿಳಿಯದೆ ಬರೆದ ಅರ್ಜಿ ಬರಿಯ ದೂರಾಗುತ್ತದೆ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದಾಗ, ನನ್ನ ಮೂಲ ಕಂಪನಿ ಮುಂಚೂಣಿಯಿಂದ ಬಹಳ ಹಿಂದಿತ್ತು. ಅದಕ್ಕೂ ಕೆಲವು ದಿನ ಮೊದಲೇ ನಮ್ಮಲ್ಲಿ ಕೆಲವರನ್ನು ಶಕ್ತಿಮಾನ್ ಲಾರಿಗಳ ಸಮೇತ ಎಂಜಿನಿಯರ್ ತುಕಡಿಯೊಂದಕ್ಕೆ ಅಟ್ಯಾಚ್ ಮಾಡಿ, ಎಂದರೆ ತಾತ್ಕಾಲಿಕವಾಗಿ ಸೇರಿಸಿ, ಜಮ್ಮುವಿನ ಸಾಂಬಾದ ಕಡೆಗೆ ಕಳುಹಿಸಿದ್ದರು. ಸೇತುವೆಯ ಸಾಮಾನು, ಮರಳಿನ ಚೀಲ, ಮೈನ್ (ನೆಲಬಾಂಬು) ತೆಗೆದ ದಾರಿಯ ಎರಡೂ ಅಂಚಿಗೆ ಕಟ್ಟುವ ಬಿಳಿ ಪಟ್ಟಿ, ಗೂಟ, ದೀಪಗಳು ನಾವು ಹೊರುತ್ತಿದ್ದ ಸರಕು. ಗಡಿ ದಾಟಿ ಬಸಂತರ್ ನದಿಯವರೆಗೆ ಆ ತುಕಡಿಯೊಂದಿಗೇ ಇದ್ದೆ.

ಸೇನೆಯಲ್ಲಿ ಒಬ್ಬ ಜವಾನನ ಬದುಕಿನ ಪ್ರತಿಯೊಂದು ಬದಲಾವಣೆಯನ್ನೂ, ಅದು ಬಡ್ತಿಯಾಗಲಿ, ಮದುವೆಯಾಗಲಿ, ಪದಕವಾಗಲಿ, ಅವನ ಯುನಿಟ್ಟು ಪಾರ್ಟ್ ಟು ಆರ್ಡರ್ ಎಂಬ ಆದೇಶದಲ್ಲಿ ಪ್ರಕಟಿಸಬೇಕು. ಅದು ರೆಕಾರ್ಡ್ ಆಫೀಸಿಗೆ ಹೋಗಿ, ಅಲ್ಲಿ ಅವನ ಶೀಟ್ ರೋಲ್ ಎಂಬ ಮೂಲ ಸೇವಾ ದಾಖಲೆಯಲ್ಲಿ ಸೇರಬೇಕು. ಬಿಡುಗಡೆಯ ಸಮಯದಲ್ಲಿ ಶೀಟ್ ರೋಲಿನಲ್ಲಿರುವುದೇ ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ. ಯುದ್ಧ ಮುಗಿದ ಮೇಲೆ ಸ್ಟಾರ್‌ಗೆ ಅರ್ಹರಾದವರ ಪಟ್ಟಿ ತಯಾರಾದಾಗ ನಾನು ಎಂಜಿನಿಯರುಗಳ ಬಳಿ ಇರಲಿಲ್ಲ, ಮೂಲ ಕಂಪನಿಗೆ ಮರಳಿದ್ದೆ. ಅವರು ತಮ್ಮವರ ಹೆಸರು ಬರೆದರು. ನನ್ನ ಕಂಪನಿ ಹಿಂದೆ ಇದ್ದದ್ದರಿಂದ ಅಲ್ಲಿಯವರು ಸಂಗ್ರಾಮ್ ಮೆಡಲ್‌ಗೆ ಮಾತ್ರ ಬರೆದರು. ಯಾರೂ ಬೇಕೆಂದು ಬಿಟ್ಟದ್ದಲ್ಲ ಎಂದೇ ನಾನು ನಂಬುತ್ತೇನೆ. ಅಟ್ಯಾಚ್‌ಮೆಂಟ್ ಮೇಲೆ ಹೋದವನು ಎರಡು ಪಟ್ಟಿಗಳ ನಡುವೆ ಬೀಳುವುದು ಸುಲಭ.

ಇಷ್ಟನ್ನು ಒಂದೂವರೆ ಪುಟದ ಅರ್ಜಿಯಾಗಿ ಮಾಡಿದೆ. ಮೊಮ್ಮಗಳು ಇಂಗ್ಲಿಷಿಗೆ ತಂದು ಟೈಪ್ ಮಾಡಿಕೊಟ್ಟಳು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳುಹಿಸಿ, ಒಂದು ಪ್ರತಿಯನ್ನು ನೇರವಾಗಿಯೂ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ.

ಮೇ

ಉತ್ತರ ಬಂತು, ಆದರೆ ಬೇರೆಯೇ ಪ್ರಶ್ನೆಗೆ. ಕಳೆದುಹೋದ ಪದಕದ ಬದಲಿ ಪ್ರತಿ ಬೇಕಿದ್ದರೆ ಪೊಲೀಸ್ ದೂರಿನ ಪ್ರತಿ, ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ ಮತ್ತು ಪದಕದ ಬೆಲೆಯನ್ನು ಕಳುಹಿಸಬೇಕೆಂದು ಅದರಲ್ಲಿತ್ತು. ಇದೇ ಹಾದಿ ಸುಲಭ, ಕಳೆದಿದೆಯೆಂದು ಬರೆದುಕೊಟ್ಟರೆ ಬೇಗ ಸಿಕ್ಕೀತು ಎಂದು ಒಬ್ಬಿಬ್ಬರು ಸಲಹೆ ಕೊಟ್ಟರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಎಂದೂ ಕೊಡದ ವಸ್ತುವನ್ನು ಕಳೆದುಕೊಂಡೆನೆಂದು ಪ್ರಮಾಣ ಮಾಡುವುದು ಸುಳ್ಳು. ಸುಳ್ಳಿನಿಂದ ಪದಕ ಬಂದರೂ ಆ ಸಾಲು ಸರಿಯಾಗುವುದಿಲ್ಲ, ಏಕೆಂದರೆ ಶೀಟ್ ರೋಲಿನಲ್ಲಿ ಅದು ಕೊಟ್ಟದ್ದೇ ಇಲ್ಲ. ಪೇಟೆಯಲ್ಲಿ ನಕಲು ಪದಕ ಕೊಂಡು ಹಾಕಿಕೊಳ್ಳುವ ಮಾತನ್ನೂ ಒಬ್ಬರು ಎತ್ತಿದರು. ಸೇನೆಯಿಂದ ಬಂದ ಪದಕದ ಮೇಲೆ ಪಡೆದವನ ನಂಬರು, ಹುದ್ದೆ, ಹೆಸರು ಒತ್ತಿರುತ್ತವೆ. ಹೆಸರಿಲ್ಲದ ಬೋಳು ಪದಕವನ್ನು ನಾನು ಧರಿಸಲಾರೆ.

"ಇದು ಬದಲಿ ಪ್ರತಿಯ ಕೋರಿಕೆಯಲ್ಲ, ಅರ್ಹತೆಯ ದಾಖಲಾತಿಯ ಕೋರಿಕೆ" ಎಂಬ ಒಂದೇ ವಾಕ್ಯವನ್ನು ಮೊದಲ ಸಾಲಿನಲ್ಲಿಟ್ಟು ಅರ್ಜಿಯನ್ನು ಹೊಸದಾಗಿ ಬರೆದೆ. ಇದೇ ಕೆಲಸಕ್ಕೆ ಹೊರಟಿರುವ ಬೇರೆ ಮಾಜಿ ಸೈನಿಕರಿಗೆ ನನ್ನ ಅನುಭವದಿಂದ ಹೇಳುವುದೇನೆಂದರೆ, ಈ ಎರಡನ್ನು ಮೊದಲ ದಿನವೇ ಬೇರ್ಪಡಿಸಿ ಬರೆಯಿರಿ. ನನಗೆ ಇದರಲ್ಲೇ ಎರಡು ತಿಂಗಳು ಹೋದವು.

ಜೂನ್

ಪುರಾವೆ ಹುಡುಕುವ ತಿಂಗಳು. ಅವ್ವನಿಗೆ ನಾನು ಬರೆದ ಫೋರ್ಸಸ್ ಲೆಟರುಗಳು (ಸೈನಿಕರ ಅಂಚೆಪತ್ರಗಳು) ಅವಳ ಕುಂಕುಮದ ಪೆಟ್ಟಿಗೆಯ ತಳದಲ್ಲಿದ್ದವು. ಯುದ್ಧದ ತಿಂಗಳಿನವು ಮೂರು. ಅವು ಸಿಕ್ಕಾಗ ಕೆಲಸ ಮುಗಿದಂತೆಯೇ ಎಂದುಕೊಂಡೆ. ಓದಿ ನೋಡಿದರೆ ಒಂದರಲ್ಲೂ ಊರಿನ ಹೆಸರಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಎಲ್ಲಿದ್ದೇವೆಂದು ಬರೆಯುವುದು ನಿಷಿದ್ಧವಾಗಿತ್ತು. "ಇಲ್ಲಿ ಚಳಿ ಬಲು ಹೆಚ್ಚು, ಆಳೆತ್ತರದ ಹುಲ್ಲು, ನದಿ ಇದೆ, ನೀರು ಕಡಿಮೆ, ಕೆಸರು ಜಾಸ್ತಿ, ಊಟ ಚೆನ್ನಾಗಿದೆ" ಎಂದಿದೆ. ಆ ನದಿ ಬಸಂತರ್, ಆ ಹುಲ್ಲು ಸರಕಂಡಾ. ನನಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ.

ವಿಳಾಸದಲ್ಲಿ 56 ಎಪಿಒ (ಸೇನಾ ಅಂಚೆ ಕಚೇರಿ) ಎಂದಿದೆ. ಪೂರ್ವದ ಕಡೆಯ ಪಡೆಗಳಿಗೆ 99 ಎಪಿಒ ಇತ್ತು, ನಮ್ಮ ಕಡೆಗೆ 56. ಆದರೆ ಅದರಿಂದ ಪಶ್ಚಿಮದ ಯಾವ ಮೂಲೆ ಎಂದು ತಿಳಿಯುವುದಿಲ್ಲ. ಟಪಾಲು ಮುದ್ರೆಯಲ್ಲಿ ಊರಿನ ಬದಲು ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಗಳಿಂದ ಯಾವ ಅಂಚೆ ಕಚೇರಿ ಯಾವ ಪಡೆಯ ಜೊತೆಗಿತ್ತೆಂದು ಗುರುತಿಸುವ ಹವ್ಯಾಸಿಗಳು ಅಂಚೆಚೀಟಿ ಸಂಗ್ರಾಹಕರಲ್ಲಿದ್ದಾರೆ. ಮೈಸೂರಿನ ಒಬ್ಬರು ಭೂತಗನ್ನಡಿ ಹಿಡಿದು, ಮೂರರಲ್ಲಿ ಎರಡು ಮುದ್ರೆಗಳನ್ನು ಓದಿಕೊಟ್ಟರು. ಎರಡರ ಸಂಖ್ಯೆಯೂ ಒಂದೇ, ಮತ್ತು ಅದು ಅದೇ ತಿಂಗಳು ನನ್ನ ಮೂಲ ಕಂಪನಿಯಲ್ಲಿದ್ದ ಗೆಳೆಯನೊಬ್ಬನ ಪತ್ರದ ಸಂಖ್ಯೆಗಿಂತ ಬೇರೆ. ನಾನು ಆ ತಿಂಗಳು ಕಂಪನಿಯ ಬಳಿ ಇರಲಿಲ್ಲವೆಂಬುದಕ್ಕೆ ಇದು ಮೊದಲ ಲಿಖಿತ ಸುಳಿವು.

ಆಗಸ್ಟ್

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ನನ್ನದೇ ಶೀಟ್ ರೋಲ್ ಮತ್ತು ವೈದ್ಯಕೀಯ ದಾಖಲೆಯ ಪ್ರತಿ ಕೇಳಿದ್ದೆ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದ ಮೇಲೆ ಪ್ರತಿಗಳು ಬಂದವು. ಶೀಟ್ ರೋಲಿನಲ್ಲಿ ಅಟ್ಯಾಚ್‌ಮೆಂಟಿನ ಸುದ್ದಿಯೇ ಇಲ್ಲ. ಎರಡು ದಿನ ಮನಸ್ಸು ಕುಗ್ಗಿತ್ತು.

ಮೂರನೆಯ ದಿನ ಮೊಮ್ಮಗಳು ವೈದ್ಯಕೀಯ ಹಾಳೆಗಳನ್ನು ಓದುತ್ತಿದ್ದವಳು, "ತಾತ, ನಿಮ್ಮ ಎಡಗೈಗೆ ಏನಾಗಿತ್ತು?" ಎಂದಳು. ಆಗ ನೆನಪಾಯಿತು. ಡಿಸೆಂಬರ್ 16ರ ಹಿಂದುಮುಂದಿನ ದಿನಗಳು ಅವು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರು ತಮ್ಮ ಟ್ಯಾಂಕನ್ನು ಬಿಟ್ಟಿಳಿಯದೆ ಪ್ರಾಣ ಕೊಟ್ಟದ್ದು, ಜರ್ಪಾಲ್‌ನಲ್ಲಿ ಮೇಜರ್ ಹೋಶಿಯಾರ್ ಸಿಂಗ್ ಅವರು ಗಾಯಗೊಂಡೂ ನೆಲೆ ಬಿಡದೆ ನಿಂತದ್ದು ಅದೇ ಕದನದಲ್ಲಿ. ಇಬ್ಬರಿಗೂ ಪರಮವೀರ ಚಕ್ರ ಸಂದಿತು. ಟ್ಯಾಂಕುಗಳು ನದಿಯಾಚೆಗೆ ಹೋಗಬೇಕಾದರೆ ಮೈನುಗಳ ನಡುವೆ ದಾರಿ ಆಗಬೇಕಿತ್ತು, ಆ ದಾರಿಯನ್ನು ಎಂಜಿನಿಯರುಗಳು ಶೆಲ್ ಬೀಳುತ್ತಿದ್ದಾಗಲೇ ರಾತ್ರಿಯಲ್ಲಿ ತೆರೆದರು. ನಾನು ಮಾಡಿದ್ದು ಸಣ್ಣ ಕೆಲಸ, ಗೂಟ ಮತ್ತು ಪಟ್ಟಿಯ ಕಟ್ಟುಗಳನ್ನು ದಾರಿಯ ಬಾಯಿಯವರೆಗೆ ತಂದು ಇಳಿಸುವುದು. ಹಾಗೆ ಇಳಿಸುವಾಗ ಮುಳ್ಳುತಂತಿಯ ಸುರುಳಿ ಬಿಚ್ಚಿ ಎಡ ಅಂಗೈ ಸೀಳಿತು. ನನ್ನಿಂದ ಕಟ್ಟುಗಳನ್ನು ತೆಗೆದುಕೊಂಡು ಒಳಗೆ ಹೋದ ವೆಲ್ಲೂರಿನ ಕಡೆಯ ಸ್ಯಾಪರ್ (ಎಂಜಿನಿಯರ್ ಪಡೆಯ ಜವಾನ) ಹುಡುಗ, ನಾನು ಕೈಗೆ ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಮೈನಿಗೆ ಸಿಕ್ಕಿದ. ಅವನನ್ನು ಹೊತ್ತು ತಂದ ಲಾರಿ ನನ್ನದೇ. ಫೀಲ್ಡ್ ಆಂಬ್ಯುಲೆನ್ಸ್ ಎಂಬ ಯುದ್ಧಭೂಮಿಯ ವೈದ್ಯಕೀಯ ಘಟಕದಲ್ಲಿ ಅವನು ಉಳಿಯಲಿಲ್ಲ. ಅಲ್ಲಿಯ ಡಾಕ್ಟರು ನನ್ನ ಕೈ ನೋಡಿ, ಹೊಲಿಗೆ ಹಾಕಿ, ಧನುರ್ವಾಯುವಿನ ಸೂಜಿ ಕೊಟ್ಟು ಕಳುಹಿಸಿದರು.

ಆ ಡಾಕ್ಟರು ಬರೆದ ಮೂರು ಸಾಲು ಈಗ ನನ್ನ ಮುಂದಿದೆ. ತಾರೀಖು ಇದೆ, ಫೀಲ್ಡ್ ಆಂಬ್ಯುಲೆನ್ಸಿನ ಮುದ್ರೆ ಇದೆ, ನನ್ನ ಹೆಸರಿನ ಮುಂದೆ ಎಂಜಿನಿಯರ್ ತುಕಡಿಯ ಹೆಸರು ಬರೆದು "ಅಟ್ಯಾಚ್ಡ್" ಎಂದು ಸೇರಿಸಿದೆ. ಪದಕದ ಪಟ್ಟಿ ಬರೆದವರು ಬಿಟ್ಟದ್ದನ್ನು, ಅಷ್ಟು ಗಾಯಾಳುಗಳ ನಡುವೆ ಒಂದು ಸೀಳಿದ ಕೈಗಾಗಿ ಪೆನ್ನು ಹಿಡಿದ ಮನುಷ್ಯ ಬಿಡಲಿಲ್ಲ. ಅವರ ಹೆಸರು ಸಹಿಯಲ್ಲಿ ಓದಲಾಗುತ್ತಿಲ್ಲ. ಅವರಿಗೆ ನನ್ನ ನಮಸ್ಕಾರ.

ಅಕ್ಟೋಬರ್

ಒಂದು ದಾಖಲೆಯ ಮೇಲೆ ಎರಡು ಸಾಕ್ಷಿಗಳಿದ್ದರೆ ವಾದ ನಿಲ್ಲುತ್ತದೆ ಎಂದು ಸೈನಿಕ ಕಲ್ಯಾಣ ಕಚೇರಿಯವರು ಹೇಳಿದ್ದರು. ಆ ತುಕಡಿಯ ಅಂದಿನ ಕಿರಿಯ ಅಧಿಕಾರಿಯೊಬ್ಬರು ಬೆಂಗಳೂರಿನಲ್ಲಿ ನೆಲೆಸಿರುವುದು, ತುಕಡಿಯ ಹಳಬರ ಬಳಗದಿಂದ ತಿಳಿಯಿತು. ಸಾಹೇಬರಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ನನ್ನ ಮುಖ ಅವರಿಗೆ ನೆನಪಿರಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಲಾರಿಯ ಹಿಂಬದಿಯಲ್ಲಿ ಆ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು ತಾವೇ ಎಂದರು. ಲಾರಿಯ ಒಂದು ದೀಪ ಒಡೆದಿತ್ತೇ ಎಂದು ಕೇಳಿದರು. ಒಡೆದಿತ್ತು, ಸಾಹೇಬರೇ, ಬಲಗಡೆಯದು ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ತಮ್ಮ ಕೈಯಿಂದಲೇ ಹೇಳಿಕೆ ಬರೆದು, ತಾವು ಕಣ್ಣಾರೆ ಕಂಡದ್ದು ಎಷ್ಟೋ ಅಷ್ಟನ್ನೇ ಹೇಳಿ, ಸಹಿ ಹಾಕಿದರು.

ಎರಡನೆಯ ಹೇಳಿಕೆ ನನ್ನೊಂದಿಗೆ ಅಟ್ಯಾಚ್ ಆಗಿದ್ದ ಚಾಲಕನದು. ಅವನಿಗೂ ಸ್ಟಾರ್ ಬಂದಿಲ್ಲವೆಂಬುದು ಫೋನಿನಲ್ಲಿ ತಿಳಿಯಿತು. ಅವನ ಕಾಗದಗಳನ್ನೂ ಕೂಡಿಸುತ್ತಿದ್ದೇವೆ, ಆದರೆ ಅವನ ಅರ್ಜಿ ಬೇರೆಯೇ ಹೋಗಲಿದೆ.

ವೈದ್ಯಕೀಯ ಹಾಳೆ, ಎರಡು ಹೇಳಿಕೆ, ಪತ್ರಗಳ ಮುದ್ರೆಯ ಚಿತ್ರಗಳು, ಹಿಂದಿನ ಪತ್ರವ್ಯವಹಾರ ಎಲ್ಲವನ್ನೂ ಸಂಖ್ಯೆ ಹಾಕಿ ಜೋಡಿಸಿ ಕಳುಹಿಸಿದೆ. ಇದೂ ತಿರಸ್ಕೃತವಾದರೆ ಆ ತುಕಡಿಯ ವಾರ್ ಡೈರಿಯನ್ನು (ಯುದ್ಧಕಾಲದ ದಿನಚರಿಯನ್ನು) ನೋಡಲು ಕೋರಬೇಕೆಂದಿದ್ದೇನೆ. ಇಂಥ ದಾಖಲೆಗಳನ್ನು ಸಾಮಾನ್ಯವಾಗಿ 5 ವರ್ಷಗಳಲ್ಲಿ ಬಹಿರಂಗಗೊಳಿಸಬೇಕು, 25 ವರ್ಷ ದಾಟಿದವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಬೇಕು ಎಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಪ್ರಕಟಿಸಿದೆ. ಅದಕ್ಕೂ ಮುಂದೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅಲ್ಲಿಯವರೆಗೆ ಹೋಗುವ ಇಚ್ಛೆ ನನಗಿಲ್ಲ. ಇದು ನನ್ನದೇ ಮನೆಯ ಲೆಕ್ಕ, ಮನೆಯೊಳಗೇ ಸರಿಯಾಗಲಿ.

ಡಿಸೆಂಬರ್

ಕಳೆದ ಸೋಮವಾರ ಪತ್ರ ಬಂತು. ವೈದ್ಯಕೀಯ ದಾಖಲೆಯ ಮೂಲವನ್ನು ಪರಿಶೀಲಿಸಲಾಗಿದೆಯೆಂದೂ, ಅಟ್ಯಾಚ್‌ಮೆಂಟಿನ ಅವಧಿಯನ್ನು ಒಪ್ಪಲಾಗಿದೆಯೆಂದೂ, ಪಶ್ಚಿಮಿ ಸ್ಟಾರ್‌ಗೆ ಸಂಬಂಧಿಸಿದ ಪಾರ್ಟ್ ಟು ಆರ್ಡರ್ ಪ್ರಕಟಿಸಲು ಮತ್ತು ನಮೂದು ಮಾಡಲು ಡಿಸ್ಚಾರ್ಜ್ ಬುಕ್ಕಿನ ಮೂಲಪ್ರತಿಯನ್ನು ಕಳುಹಿಸಬೇಕೆಂದೂ ಅದರಲ್ಲಿದೆ. ಪತ್ರವನ್ನು ಮೊದಲು ಮೊಮ್ಮಗಳು ಓದಿದಳು, ಆಮೇಲೆ ಮಗ, ಆಮೇಲೆ ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಪದವಾಗಿ ಓದಿದೆ.

ಪುಸ್ತಕವನ್ನು ಅಂಚೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲ ಪುಟಗಳ ಚಿತ್ರ ತೆಗೆದಿಟ್ಟಿದ್ದೇವೆ. ಬುಧವಾರ ಮಗನ ಜೊತೆ ಹೊರಟು, ಖುದ್ದಾಗಿ ಕೊಟ್ಟು, ರಸೀದಿ ಪಡೆದು ಬರುತ್ತೇನೆ. ಹೇಳಿಕೆ ಕೊಟ್ಟ ಸಾಹೇಬರಿಗೆ ಫೋನ್ ಮಾಡಿ ತಿಳಿಸಿದಾಗ, ಆ ಸ್ಯಾಪರ್ ಹುಡುಗನ ಊರು ವೆಲ್ಲೂರಿನಿಂದ ಎಷ್ಟು ದೂರವೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ವಿಚಾರಿಸುತ್ತಿದ್ದೇನೆ. ಪಾರ್ಟ್ ಟು ಆರ್ಡರಿನ ಸಂಖ್ಯೆ ಬಂದ ಮೇಲೆ ಮುಂದಿನದನ್ನು ಬರೆಯುತ್ತೇನೆ.