ಡೇರಿಯ ಲೆಕ್ಕದಲ್ಲಿ ಉಳಿದ 16,700 ರೂಪಾಯಿ

ಹಳೆ ಮೈಸೂರು ಸೀಮೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿರುವ ನನಗೆ ವರ್ಷ ಎರಡು ಸಲ ಮುಗಿಯುತ್ತದೆ: ಯುಗಾದಿಯಂದು ಒಮ್ಮೆ, ಮಾರ್ಚ್ 31ರಂದು ಲೆಕ್ಕದ ಪುಸ್ತಕದಲ್ಲಿ ಇನ್ನೊಮ್ಮೆ. ಕಳೆದ ವರ್ಷ ಇವೆರಡೂ ಒಂದರ ಬೆನ್ನಿಗೊಂದು ಬಂದಿದ್ದವು. 2025ರ ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನ ಲೆಕ್ಕ ಮುಕ್ತಾಯ, ಅದರ ಮರುದಿನದಿಂದ ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿ ನೀಲಿ ಪ್ಯಾಕೆಟ್ಟಿನ ಹಾಲು 42ರಿಂದ 46 ರೂಪಾಯಿಗೆ ಬಂತು. ಹೆಚ್ಚಿದ ಹಣ ರೈತರಿಗೇ ಸೇರಬೇಕೆಂದು ಸರ್ಕಾರ ಹೇಳಿದ್ದರಿಂದ, ಮೊದಲ ಬಟವಾಡೆಯ ದಿನ ನಮ್ಮ ಡೇರಿಯ ಮುಂದೆ ಹಬ್ಬವೇ ತಡವಾಗಿ ಬಂದಂತಿತ್ತು. ಈ ಸಲ ಯುಗಾದಿ ಮಾರ್ಚ್ 19ಕ್ಕೇ ಬಂದದ್ದರಿಂದ ಹಬ್ಬಕ್ಕೂ ಲೆಕ್ಕಕ್ಕೂ ನಡುವೆ ಹನ್ನೆರಡು ದಿನ ಸಿಕ್ಕಿವೆ. ಆ ಬಿಡುವಿನಲ್ಲಿ, ಕಳೆದ ಸೆಪ್ಟೆಂಬರಿನಲ್ಲಿ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಬರೆದಿಡುತ್ತಿದ್ದೇನೆ.

ಡೇರಿಯ ಹೊರಗಿನವರಿಗೆ ಮೊದಲು ಒಂದು ವಿಷಯ ತಿಳಿದಿರಬೇಕು. ಸದಸ್ಯರು ತಂದ ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್, ಅಂದರೆ ಜಿಡ್ಡನ್ನೂ ಜಿಡ್ಡು ಬಿಟ್ಟು ಉಳಿದ ಘನಾಂಶವನ್ನೂ, ನಾವು ನಮ್ಮ ಯಂತ್ರದಲ್ಲಿ ನೋಡಿ ಅದರಂತೆ ದರ ಕಟ್ಟುತ್ತೇವೆ. ಎಲ್ಲರ ಹಾಲೂ ಒಟ್ಟುಗೂಡಿದ ಮೇಲೆ, ಅದನ್ನು ಸಂಘದಿಂದ ಕೊಳ್ಳುವ ಹಾಲು ಒಕ್ಕೂಟದವರು ತಮ್ಮ ಪರೀಕ್ಷೆಯಲ್ಲಿ ನೋಡಿ ಸಂಘಕ್ಕೆ ದರ ಕಟ್ಟುತ್ತಾರೆ. ನಮ್ಮ ಯಂತ್ರ ಫ್ಯಾಟನ್ನು ಹೆಚ್ಚಾಗಿ ತೋರಿಸಿದರೆ ಸಂಘಕ್ಕೆ ನಷ್ಟವಾಗಿ ಅಂದೇ ಗಲಾಟೆ ಏಳುತ್ತದೆ. ಕಡಿಮೆ ತೋರಿಸಿದರೆ ಅದು ಪುಸ್ತಕದಲ್ಲಿ ಲಾಭವೆಂದು ಕಾಣುತ್ತದೆ, ಯಾರೂ ಏಳುವುದಿಲ್ಲ.

ಆ ತಿಂಗಳು ನಮ್ಮ ಟೆಸ್ಟರ್ ಮನೆಯ ಕೆಲಸಕ್ಕೆಂದು ರಜೆ ಹಾಕಿದ್ದರಿಂದ ಯಂತ್ರವೂ ನನ್ನ ಪಾಲಿಗೆ ಬಂತು. ದಿನವೂ ಬಿಸಿನೀರು ಹಾಯಿಸುತ್ತಿದ್ದೆನಾದರೂ, ವಾರಕ್ಕೊಮ್ಮೆ ಕೆಮಿಕಲ್ ಹಾಕಿ ತೊಳೆಯಬೇಕಾದದ್ದನ್ನು ನಾಳೆ ನಾಳೆ ಎಂದು ಮುಂದೂಡಿದೆ. ಕೊಳವೆಯೊಳಗೆ ಹಾಲಿನ ಪೊರೆ ಕಟ್ಟಿದರೆ ಅಳತೆ ಕೆಡುತ್ತದೆಂದು ತರಬೇತಿಯಲ್ಲಿ ಕಲಿತದ್ದು ಮರೆತಿರಲಿಲ್ಲ. ಬೆಳಗಿನ ಆರು ಗಂಟೆಯ ಸಾಲಿನ ಮುಂದೆ ಅದು ಅಷ್ಟು ಅವಸರದ ಕೆಲಸವೆಂದು ಅನ್ನಿಸಲಿಲ್ಲ, ಅಷ್ಟೆ.

ಎರಡನೆಯ ವಾರ, ಒಂದೇ ಹಸುವಿಟ್ಟುಕೊಂಡು ಹೊತ್ತಿಗೆ ಮೂರೂವರೆ ಲೀಟರಿನಂತೆ ಹಾಲು ಹಾಕುವ, ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ ಹೆಂಗಸೊಬ್ಬರ ಚೀಟಿಯಲ್ಲಿ ಎರಡೂ ಅಂಕಿಗಳು ಇಳಿದಿದ್ದವು. ನಾನು ತಲೆಯೆತ್ತದೆ, “ಯಾಕಕ್ಕ, ಹಾಲು ತೆಳ್ಳಗಾಗಿದೆ” ಎಂದೆ. ಹಿಂದೆ ಇಪ್ಪತ್ತು ಜನ ನಿಂತಿದ್ದರು. ಡೇರಿಯ ಕಟ್ಟೆಯ ಮೇಲೆ ಆ ಮಾತಿಗಿರುವ ಅರ್ಥ ಒಂದೇ. ಅವರು ಕ್ಯಾನನ್ನು ತಿರುವಿ ಹಿಡಿದು, “ನೀರು ಹಾಕಿ ಹೊಟ್ಟೆ ಹೊರೆಯೋ ಗತಿ ನನಗೆ ಬಂದಿಲ್ಲ ಕಣಪ್ಪ” ಎಂದವರೇ ಹೋದರು. ಮರುದಿನದಿಂದ ಹಾಲು ತಂದದ್ದು ಅವರ ಮೊಮ್ಮಗ.

ನಾನು ಎಚ್ಚೆತ್ತದ್ದು ಅವರ ಮಾತಿನಿಂದ ಎಂದು ಬರೆದರೆ ಸುಳ್ಳಾಗುತ್ತದೆ. ಲೆಕ್ಕ ಬರೆಯುವಾಗ ಸಂಘದ ವ್ಯಾಪಾರಿ ಲಾಭ ಅಕಾರಣವಾಗಿ ಏರಿರುವುದು ಕಣ್ಣಿಗೆ ಬಿತ್ತು. ಅದನ್ನು ನೋಡಿ ಮೊದಲು ಸಂತೋಷವನ್ನೇ ಪಟ್ಟೆ. ರಾತ್ರಿ ಮಲಗಿದ ಮೇಲೆ, ಹಾಲೂ ಅಷ್ಟೇ, ದರವೂ ಅದೇ, ಹಾಗಿದ್ದರೆ ಈ ಹಣ ಯಾರದ್ದು ಎಂಬ ಪ್ರಶ್ನೆ ಎದ್ದಿತು. ಬೆಳಿಗ್ಗೆ ಕಪಾಟಿನಿಂದ, ಯಂತ್ರವಿಲ್ಲದೆ ಜಿಡ್ಡು ಅಳೆಯುವ ಹಳೆಯ ಗರ್ಬರ್ ಪರೀಕ್ಷೆಯ ಗಾಜಿನ ನಳಿಕೆಗಳನ್ನು ತೆಗೆದೆ. 10 ಎಂ.ಎಲ್. ಗಂಧಕಾಮ್ಲ, ಅದರ ಮೇಲೆ ಮೆಲ್ಲಗೆ 10.75 ಎಂ.ಎಲ್. ಹಾಲು, ಆಮೇಲೆ 1 ಎಂ.ಎಲ್. ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಕುಲುಕಿದೊಡನೆ ನಳಿಕೆ ಬಟ್ಟೆಯಿಲ್ಲದೆ ಹಿಡಿಯಲಾಗದಷ್ಟು ಬಿಸಿಯಾಗಿ, ಒಳಗಿನದೆಲ್ಲ ಕಡುಗಾಫಿಯ ಬಣ್ಣಕ್ಕೆ ತಿರುಗುತ್ತದೆ. ಗಿರಗಿರ ತಿರುಗಿಸಿದ ನಂತರ ಮೇಲೆ ಬಂದು ನಿಲ್ಲುವ ಹಳದಿ ಪಟ್ಟಿಯೇ ಜಿಡ್ಡು. ಯಂತ್ರ 3.4 ಎಂದ ಹಾಲಿಗೆ ನಳಿಕೆ 3.8 ಎಂದಿತು. ಇನ್ನೂ ಐದು ಮಾದರಿ ನೋಡಿದೆ; ಒಂದೂ ಯಂತ್ರದ ಪರ ನಿಲ್ಲಲಿಲ್ಲ.

ಒಟ್ಟು ಹದಿನೆಂಟು ದಿನ, ದಿನಕ್ಕೆ ಸುಮಾರು 900 ಲೀಟರ್ ಹಾಲು. ಆ ಹಾಲು ಎಂದೋ ಹೋಗಿದ್ದರಿಂದ ಮತ್ತೆ ಪರೀಕ್ಷಿಸುವಂತಿರಲಿಲ್ಲ. ಪ್ರತಿ ಸದಸ್ಯರ ಹಿಂದಿನ ತಿಂಗಳ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಿದಾಗ ಸುಮಾರು 16,700 ರೂಪಾಯಿ ಹಿಂದಿರುಗಿಸಬೇಕಾಯಿತು. ಆಡಳಿತ ಮಂಡಳಿಯ ಸಭೆಯಲ್ಲಿ ನಿರ್ದೇಶಕರೊಬ್ಬರು, ಹೇಗೂ ಅದು ಬೋನಸ್ಸಾಗಿ ಅವರಿಗೇ ಹೋಗುತ್ತದಲ್ಲ, ಸುಮ್ಮನೆ ಊರಿಗೆಲ್ಲ ಯಾಕೆ ಹೇಳಬೇಕು ಎಂದರು. ಮಾತು ಸುಲಭವಾಗಿ ಒಪ್ಪುವಂತೆಯೇ ಇತ್ತು. ಆದರೆ 1959ರ ಸಹಕಾರ ಸಂಘಗಳ ಕಾಯ್ದೆಯಂತೆ ನಿವ್ವಳ ಲಾಭದಲ್ಲಿ ಕನಿಷ್ಠ ಕಾಲುಭಾಗ ಮೀಸಲು ನಿಧಿಗೆ ಹೋಗುತ್ತದೆ; ಉಳಿದುದರಲ್ಲಿ ಬರುವ ಬೋನಸ್ ವರ್ಷವಿಡೀ ಹಾಕಿದ ಹಾಲನ್ನು ನೋಡುತ್ತದೆಯೇ ಹೊರತು ಆ ಹದಿನೆಂಟು ದಿನಗಳಲ್ಲಿ ಕಳೆದುಕೊಂಡವರು ಯಾರೆಂದು ನೋಡುವುದಿಲ್ಲ. ಇದನ್ನು ಹೇಳಿದ ಮೇಲೆ ನಿರ್ಣಯವಾಯಿತು. ಒಂದೇ ಹಸುವಿನ ಆ ಹಿರಿಯ ಹೆಂಗಸಿನ ಪಾಲಿಗೆ ಬಂದದ್ದು 131 ರೂಪಾಯಿ. ಅದನ್ನು ಬಟವಾಡೆಗೆ ಸೇರಿಸಿದ್ದು ಸುಲಭ. ಸಾಲಿನ ಮುಂದೆ ಆಡಿದ ಮಾತನ್ನು ಅದೇ ಸಾಲಿನ ಮುಂದೆ ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಇನ್ನೂ ನಾಲ್ಕು ದಿನ ಹಿಡಿಯಿತು.

ವಿಶ್ವಾವಸು ಹೋಗಿ ಪರಾಭವ ಸಂವತ್ಸರ ಬಂದಿದೆ. ಈ ವರ್ಷವೇ ನಮ್ಮ ಆಡಳಿತ ಮಂಡಳಿಯ ಚುನಾವಣೆಯೂ ಇರುವುದರಿಂದ ಆ ಹೆಸರು ಕೆಲವರಿಗೆ ಹಿಡಿಸಿಲ್ಲ. ನನ್ನ ಆಸೆಗಳು ಸಣ್ಣವು. ಏಪ್ರಿಲ್ 1ರಿಂದ ನಮ್ಮ ಯಂತ್ರದ ಸರಾಸರಿ ಫ್ಯಾಟನ್ನೂ ಒಕ್ಕೂಟದ ಚೀಟಿಯ ಫ್ಯಾಟನ್ನೂ ಹೊರಗಿನ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಬೇಕೆಂದಿದ್ದೇನೆ. ತಿಂಗಳಿಗೊಮ್ಮೆ ಸದಸ್ಯರ ಎದುರಿನಲ್ಲೇ ನಳಿಕೆಯ ಪರೀಕ್ಷೆ ನಡೆಸಬೇಕೆಂಬುದಕ್ಕೆ ಮಂಡಳಿಯ ಒಪ್ಪಿಗೆ ಸಿಗಬಹುದೆಂಬ ನಿರೀಕ್ಷೆಯಿದೆ. ಯಂತ್ರ ತೊಳೆದ ದಿನವನ್ನು ಬರೆದು ಸಹಿ ಹಾಕುವ ಪುಸ್ತಕ ಮಾತ್ರ ಅಕ್ಟೋಬರಿನಿಂದಲೇ ಕಿಟಕಿಯ ಪಕ್ಕದಲ್ಲಿ ತೂಗುತ್ತಿದೆ. ಈಗ ಹಾಲು ತರುವುದು ಮೊಮ್ಮಗನಲ್ಲ, ಅಜ್ಜಿಯೇ. ಪ್ರತಿ ಸೋಮವಾರ ಕ್ಯಾನನ್ನು ಕಟ್ಟೆಯ ಮೇಲಿಡುವ ಮೊದಲು, “ಏನಪ್ಪ, ತೊಳೆದೆಯಾ?” ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸುತ್ತಾರೆ. ನಾನು ಪುಸ್ತಕವನ್ನು ತಿರುಗಿಸಿ ತೋರಿಸುತ್ತೇನೆ. ಅವರಿಗೆ ಓದಲು ಬರುವುದಿಲ್ಲ. ಆದರೂ ಬಗ್ಗಿ ನೋಡಿಯೇ ಹಾಲು ಸುರಿಯುತ್ತಾರೆ.