ಮೊನೆ ಸರಿಯಾದ ಮೇಲೆ
ಇಂದು ನನ್ನ ಮಿನಿ ಲೇತಿನಲ್ಲಿ (ಲೋಹವನ್ನು ತಿರುಗಿಸುತ್ತಾ ಟೂಲ್ ಎಂಬ ಉಳಿಯಿಂದ ಕೆತ್ತುವ ಪುಟ್ಟ ಯಂತ್ರ) ಉಕ್ಕಿನ ಸಿಪ್ಪೆ ಸುರುಳಿಸುರುಳಿಯಾಗಿ ಬಂತು. ಎಷ್ಟು ಸಂತೋಷ! ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನಲ್ಲಿ, ಸಡಿಲ ಹೋಗಿಸುವ ಜಿಬ್ ಸ್ಕ್ರೂಗಳನ್ನು ಹದವಾಗಿ ಬಿಗಿಮಾಡಿದ್ದರಿಂದ ಅಲುಗಾಟ ತಗ್ಗಿತು, ನಿಜ. ಆದರೆ ದೊಡ್ಡ ಬದಲಾವಣೆ ತಂದದ್ದು ಟೂಲಿನ ಮೊನೆ. ಟೂಲಿಗೆಂದು ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಕೊಂಡ ಹೈಸ್ಪೀಡ್ ಸ್ಟೀಲ್ (ಬಿಸಿಯಾದರೂ ಗಡಸು ಕಳೆದುಕೊಳ್ಳದ ಉಕ್ಕು) ತುಂಡನ್ನು ಆಗಾಗ ನೀರಿಗೆ ಅದ್ದುತ್ತಾ ಗ್ರೈಂಡರಿಗೆ ಹಿಡಿದು, ಕೊನೆಗೆ ಸಾಣೆಕಲ್ಲಿನ ಮೇಲೆ ನಿಧಾನವಾಗಿ ತೀಡಿದೆ. ಉಕ್ಕಿಗಾದರೆ ಟೂಲಿನ ಮೇಲ್ಮೈ ಮೊನೆಯಿಂದ ಹಿಂದಕ್ಕೆ ಇಳಿಜಾರಾಗಿರಬೇಕು. ಹಿತ್ತಾಳೆಗೆ ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಲೋಹ ಟೂಲನ್ನೇ ಒಳಗೆಳೆದುಕೊಳ್ಳುತ್ತದೆ.

ಮೊನೆ ಸರಳಿನ ನಡುಮಧ್ಯದ ಎತ್ತರಕ್ಕೇ ಇದೆಯೇ ಎಂದು ನೋಡಲು ಲೇತ್ ನಿಲ್ಲಿಸಿ, ಅದಕ್ಕೆ ಕಚ್ಚಿಸಿದ ದುಂಡು ಸರಳಿಗೂ ಮೊನೆಗೂ ನಡುವೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ನೆಟ್ಟಗೆ ನಿಂತರೆ ಸರಿ; ಮೇಲ್ತುದಿ ನಿಮ್ಮತ್ತ ವಾಲಿದರೆ ಮೊನೆ ಕೆಳಗಿದೆ ಎಂದರ್ಥ.

ಜಾಲಹಳ್ಳಿಯ ಎಚ್‌ಎಂಟಿ 1950ರ ದಶಕದಲ್ಲೇ ಲೇತ್ ತಯಾರಿಸಿದ ಊರು ನಮ್ಮದು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಕಣ್ಣಳತೆಯಲ್ಲೇ ಟೂಲಿನ ಕೋನ ಹಿಡಿಯುವ ಹಿರಿಯರಿದ್ದಾರೆ. ಆ ಕೈಗಳಲ್ಲಿರುವ ವಿದ್ಯೆಯನ್ನು ಯಾರಾದರೂ ಕೂತು ಕಲಿಯುತ್ತಿದ್ದಾರೆಯೇ ಎಂದು ತೀಡುವಾಗೆಲ್ಲ ಅನಿಸುತ್ತದೆ. ಅಂಥವರ ಪರಿಚಯ ನಿಮಗಿದ್ದರೆ ದಯವಿಟ್ಟು ತಿಳಿಸಿ. ಸ್ಕ್ರೂವಿನ ಸುರುಳಿ ಗೀರು ಕೊರೆಯುವ ಥ್ರೆಡ್ ಟೂಲಿಗೆ 60 ಡಿಗ್ರಿ ಕೋನ ಕೊಡುವುದನ್ನು ಅವರ ಪಕ್ಕದಲ್ಲೇ ನಿಂತು ಕಲಿಯುವ ಆಸೆ ನನಗಿದೆ.